ಅಮ್ಮ ಕೇಳಿದ ಟ್ಯೂಬ್‌ಲೈಟು

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಒಂದು ಲೈಟೂ ನಮ್ಮದಾಗಿರಲಿಲ್ಲ. ದೇವರ ಮುಂದಿನ ಎಣ್ಣೆ ದೀಪ ಬಿಟ್ಟರೆ ಮಿಕ್ಕಿದ್ದೆಲ್ಲ ಮಾರಾಟಕ್ಕೆ. ವಿಜಯನಗರದ ಮುಖ್ಯರಸ್ತೆಯಿಂದ ಆರ್‌ಪಿಸಿ ಲೇಔಟ್ ಕಡೆಗೆ ತಿರುಗುವ ರಸ್ತೆಯಲ್ಲಿ ಕೆಳಗೆ ಅಪ್ಪನ ಅಲಂಕಾರದ ದೀಪಗಳ ಅಂಗಡಿ, ಮೇಲೆ ನಮ್ಮ ಮನೆ. ಅಂಗಡಿಗೆ ಹೊಸದಾಗಿ ಬಂದ ಯಾವ ದೀಪವನ್ನೂ ಅಪ್ಪ ನೇರವಾಗಿ ಮಾರಾಟಕ್ಕೆ ಇಡುತ್ತಿರಲಿಲ್ಲ. ಅದು ಮೊದಲು ಮೇಲೆ ಬರಬೇಕು. ನಮ್ಮ ಹಾಲಿನಲ್ಲೋ ಊಟದ ಮೇಜಿನ ಮೇಲೋ ತೂಗಬೇಕು. ನಾವು ಅದರ ಕೆಳಗೆ ಕೆಲವು ದಿನ ಉಂಡು, ಹೋಂವರ್ಕ್ ಮಾಡಿ, ಕಿತ್ತಾಡಿ, ಅದನ್ನು ಪಾಸು ಮಾಡಬೇಕು. ನಾವು ಪಾಸು ಮಾಡಿದ ದೀಪವೇ ಮೊದಲು ಮಾರಾಟವಾಗುತ್ತಿದ್ದದ್ದು. ಒಂದಕ್ಕೆ ಮನಸ್ಸು ಹೊಂದಿಕೊಳ್ಳುವಷ್ಟರಲ್ಲಿ ಸ್ಕೂಲಿಂದ ಬಂದು ನೋಡಿದರೆ ಚಾವಣಿಯಲ್ಲಿ ಬರೀ ಕೊಕ್ಕೆ. ನನ್ನ ತಮ್ಮ ಮಧು ಒಂದು ನಕ್ಷತ್ರದಾಕಾರದ ದೀಪವನ್ನು ಬಹಳ ಹಚ್ಚಿಕೊಂಡಿದ್ದ. ಅದನ್ನು ಮಹಾಲಕ್ಷ್ಮಿ ಲೇಔಟಿನವರು ಯಾರೋ ಗೃಹಪ್ರವೇಶಕ್ಕೆ ಕೊಂಡುಹೋದ ದಿನ ಅವನು ಊಟ ಬಿಟ್ಟು ಅತ್ತ. ಆಮೇಲೆ ಎಷ್ಟೋ ದಿನ, ಬಸ್ಸಿನಲ್ಲಿ ಆ ಕಡೆ ಹೋಗುವಾಗಲೆಲ್ಲ, ಕಿಟಕಿಗೆ ಮುಖ ಒತ್ತಿಕೊಂಡು ಮನೆಮನೆಯನ್ನೂ ನೋಡುತ್ತಿದ್ದ.

ಅಪ್ಪನ ವಾದ ಸರಳ. ಅಂಗಡಿಯ ಚಾವಣಿಗೆ ಒತ್ತೊತ್ತಾಗಿ ನೇತುಹಾಕಿದ ದೀಪಗಳೆಲ್ಲ ಒಟ್ಟಿಗೆ ಉರಿಯುವಾಗ ಯಾವುದು ಹೇಗಿದೆ ಅಂತ ಯಾರಿಗೂ ತಿಳಿಯುವುದಿಲ್ಲ. ಗಿರಾಕಿ ತಲೆ ಎತ್ತಿ ನೋಡಿ ನೋಡಿ ಕತ್ತು ನೋಯಿಸಿಕೊಂಡು, ಆಮೇಲೆ ಬರ್ತೀವಿ ಅಂತ ಹೇಳಿ ಜಾರಿಕೊಳ್ಳುತ್ತಾನೆ. ಅದೇ ದೀಪವನ್ನು ಒಂದು ಮನೆಯಲ್ಲಿ, ಅದರ ಕೆಳಗೆ ಉಣ್ಣುತ್ತ ಕೂತ ಒಂದು ಸಂಸಾರದ ಸಮೇತ ತೋರಿಸಿದರೆ ವ್ಯಾಪಾರ ಕುದುರಿತು ಅಂತಲೇ ಲೆಕ್ಕ. ಆ ಸಂಸಾರ ನಾವು. ಕೆಳಗೆ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಸ್ವಿಚ್ಚಿತ್ತು. ಅಪ್ಪ ಅದನ್ನು ಒತ್ತಿದರೆ ಮೇಲೆ ಊಟದ ಮೇಜಿನ ಹಿಂದಿನ ಗೋಡೆಯಲ್ಲಿ ಬೆಲ್ ಹೊಡೆಯುತ್ತಿತ್ತು. ಬೆಲ್ ಹೊಡೆದರೆ ಗಿರಾಕಿಗಳು ಮೇಲೆ ಬರುತ್ತಿದ್ದಾರೆ ಎಂದರ್ಥ. ಅವರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅಮ್ಮ ಮುಖದ ಬೆವರು ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಮೇಜಿನ ಮೇಲೆ ಹೂವಿನ ಅಂಚಿನ ಬಟ್ಟೆ ಹಾಸಿಬಿಡುತ್ತಿದ್ದಳು. ಮಧು ಬ್ಯಾಟನ್ನು ಸೋಫಾದ ಕೆಳಗೆ ತಳ್ಳುತ್ತಿದ್ದ. ನಾನು ಯಾವುದೋ ಪುಸ್ತಕ ತೆರೆದು ಬುದ್ಧಿವಂತೆಯ ಮುಖ ಮಾಡಿ ಕೂರುತ್ತಿದ್ದೆ. ಅಪ್ಪ ಗಿರಾಕಿಗಳನ್ನು ಬಾಗಿಲಲ್ಲೇ, ಕಾಲೊರಸಿನ ಮೇಲೆ ನಿಲ್ಲಿಸುತ್ತಿದ್ದರು. ಅಲ್ಲಿಂದ ನೋಡಿದರೇನೇ ಮೇಜು, ದೀಪ, ನಾವು ಎಲ್ಲ ಒಟ್ಟಿಗೆ ಕಣ್ಣಿಗೆ ಬೀಳುವುದು. ಪ್ರತಿ ಸಲವೂ ಅವರ ಬಾಯಲ್ಲಿ ಒಂದೇ ಮಾತು:

"ನೀವು ಊಟ ಮಾಡ್ತಾ ಇರಿ, ಏಳ್ಬೇಡಿ. ಇವ್ರು ಸುಮ್ನೆ ಲೈಟ್ ನೋಡ್ಕೊಂಡು ಹೋಗ್ತಾರೆ."

ಊಟ ಮಾಡ್ತಾ ಇರಿ ಅಂದರೆ ಮಾಡಲೇಬೇಕು. ಒಮ್ಮೆ ಉಂಡು ಕೈ ತೊಳೆದಿದ್ದೆವು, ಅಷ್ಟರಲ್ಲಿ ಬೆಲ್ ಹೊಡೆಯಿತು. ಅಮ್ಮ ಮತ್ತೆ ತಟ್ಟೆಗಿಟ್ಟಳು, ಮಧು ಇನ್ನೊಂದು ಸಲ ಸಾರನ್ನ ಕಲೆಸಿ ಹೊಡೆದ. ಆ ಗಿರಾಕಿಗಳು ಹೋದ ಮೇಲೆ ಮತ್ತೊಂದು ಜೋಡಿ ಬಂತು, ಅವನು ಮಜ್ಜಿಗೆ ಅನ್ನ ತಿಂದ. ನಮ್ಮಲ್ಲಿ ಈ ಕೆಲಸವನ್ನು ಮನಸಾರೆ ಮಾಡಿದವನೆಂದರೆ ಅವನೊಬ್ಬನೇ. ನನಗೆ ನಾಚಿಕೆಯಾಗುತ್ತಿತ್ತು. ಪರಿಚಯವಿಲ್ಲದವರು ಬಾಗಿಲಲ್ಲಿ ನಿಂತು, ನಮ್ಮ ತಲೆಯ ಮೇಲೆ ನೋಡಿ, ಆಮೇಲೆ ನಮ್ಮ ಮುಖ ನೋಡಿ, ತಮ್ಮತಮ್ಮಲ್ಲೇ ಏನೋ ಪಿಸುಗುಟ್ಟಿಕೊಳ್ಳುವಾಗ ನಾನು ತಟ್ಟೆಯಿಂದ ಕಣ್ಣು ಎತ್ತುತ್ತಿರಲಿಲ್ಲ. ಅಮ್ಮ ಮಾತ್ರ ನಕ್ಕು, ಬನ್ನಿ ಕೂತ್ಕೊಳ್ಳಿ, ಕಾಫಿ ಕುಡೀರಿ ಅನ್ನುತ್ತಿದ್ದಳು. ಯಾರಾದರೂ ಹೆಂಗಸರು ಇದ್ರಲ್ಲಿ ಧೂಳು ಕೂರುತ್ತಾ ಆಂಟಿ ಅಂತ ಕೇಳಿದರೆ, ಕೂರದೆ ಏನು, ದಿನಾ ಒರೆಸಿದ್ರೂ ಕೂರುತ್ತೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತಿದ್ದಳು. ಅಪ್ಪ ಹಿಂದಿನಿಂದ ಕಣ್ಣು ಕೆಕ್ಕರಿಸುತ್ತಿದ್ದರು. ಅವಳು ನೋಡಿಯೂ ನೋಡದ ಹಾಗೆ ಇರುತ್ತಿದ್ದಳು.

ಅಪ್ಪನಿಗೆ ಒಬ್ಬನೇ ಶತ್ರು, ಹಗಲು. ಬಿಸಿಲು ಬಿದ್ದರೆ ದೀಪ ಸಪ್ಪೆಯಾಗುತ್ತದೆ ಅಂತ ರಸ್ತೆ ಕಡೆಯ ದೊಡ್ಡ ಕಿಟಕಿಗೆ ದಪ್ಪ ಪರದೆ ಹಾಕಿಸಿದ್ದರು. ಉಳಿದ ಕಡೆಯೆಲ್ಲ ಅಕ್ಕಪಕ್ಕದವರ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹಾಗಾಗಿ ನಮ್ಮ ಮನೆಯಲ್ಲಿ ಬೆಳಗಿನ ಕಾಫಿಯ ಹೊತ್ತಿಗೂ ಮುಸ್ಸಂಜೆಯೇ ಇರುತ್ತಿತ್ತು. ಹೊಸ ಮನೆಗಳಲ್ಲೆಲ್ಲ ಓಪನ್ ಕಿಚನ್ ಬಂದಿದೆ ಎಂದು ಅಪ್ಪ ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆಯನ್ನು ಒಂದು ಭಾನುವಾರ ಒಡೆಸಿಯೇ ಬಿಟ್ಟರು. ಗೋಡೆಯ ಜೊತೆ ಅಮ್ಮನ ಮೊಳೆಗಳು, ಕ್ಯಾಲೆಂಡರು, ಜರಡಿ, ಜಾಲರಿ ಸೌಟು ನೇತುಹಾಕುವ ಜಾಗ ಎಲ್ಲ ಹೋದವು. ಅವಳು ಬಾಯಿಬಿಟ್ಟು ಕೇಳುತ್ತಿದ್ದದ್ದು ಒಂದನ್ನು ಮಾತ್ರ. ಗೋಡೆ ಒಡೆಯುವ ಮುಂಚೆಯೂ ಕೇಳುತ್ತಿದ್ದಳು, ಒಡೆದ ಮೇಲೂ ಕೇಳುತ್ತಿದ್ದಳು. ಸಾಮಾನ್ಯವಾಗಿ ಅಪ್ಪ ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಟ್ಟ ಮೇಲೆ.

"ರೀ, ಅಡುಗೆ ಮಾಡೋ ಕಡೆಗೆ ಒಂದು ಟ್ಯೂಬ್‌ಲೈಟ್ ಹಾಕ್ಸಿಕೊಡಿ. ಅಕ್ಕೀಲಿ ಕಲ್ಲು ಯಾವ್ದು, ಹುಳ ಯಾವ್ದು, ಒಂದೂ ಗೊತ್ತಾಗಲ್ಲ."

"ಟ್ಯೂಬ್‌ಲೈಟು ಆಸ್ಪತ್ರೆಗೆ, ಪೊಲೀಸ್ ಸ್ಟೇಷನ್ನಿಗೆ. ಮನೆಗಲ್ಲ."

"ಊರವ್ರ ಮನೇಲೆಲ್ಲ ಇದೆಯಲ್ರೀ."

"ಅದಕ್ಕೇ ಕಣೇ ಅವ್ರು ನಮ್ಮಂಗಡಿಗೆ ಬರೋದು. ಬಿಳೀ ಬೆಳಕಲ್ಲಿ ಯಾರ ಮುಖಾನೂ ಚೆನ್ನಾಗಿ ಕಾಣಲ್ಲ. ಈ ಹಳದೀಲಿ ನೋಡು, ಎಲ್ರೂ ಲಕ್ಷಣವಾಗಿ ಕಾಣ್ತಾರೆ. ನಾನೂನೂವೆ."

ಅಮ್ಮ ನಗುತ್ತಿದ್ದಳು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಮಾರನೆಯ ಮಧ್ಯಾಹ್ನ ಮೊರದಲ್ಲಿ ಅಕ್ಕಿ ಸುರಿದುಕೊಂಡು ತಾರಸಿಗೆ ಹೋಗಿ, ನೀರಿನ ಟ್ಯಾಂಕಿನ ಪಕ್ಕ ಬಿಸಿಲಲ್ಲಿ ಕೂತು ಆರಿಸುತ್ತಿದ್ದಳು. ರಜೆಯ ದಿನಗಳಲ್ಲಿ ನಾನೂ ಹೋಗುತ್ತಿದ್ದೆ. ಅಮ್ಮನ ಮುಖವನ್ನು ನಾನು ಸರಿಯಾಗಿ ನೋಡಿದ್ದು ಅಲ್ಲೇ. ಎಡಗೆನ್ನೆಯ ಮೇಲಿನ ಸಣ್ಣ ಮಚ್ಚೆ, ಕಣ್ಣಿನ ಕೆಳಗಿನ ಕಪ್ಪು, ಬೈತಲೆಯ ಪಕ್ಕದ ನಾಲ್ಕಾರು ಬಿಳಿ ಕೂದಲು, ಇವು ಯಾವುವೂ ಕೆಳಗೆ ಮನೆಯಲ್ಲಿ ಇರುತ್ತಿರಲಿಲ್ಲ. ಅಪ್ಪನ ದೀಪಗಳು ಅವನ್ನೆಲ್ಲ ನುಂಗಿಬಿಡುತ್ತಿದ್ದವು. ಅಪ್ಪ ಕೆಟ್ಟವರಲ್ಲ. ಹೆಂಡತಿ ಮಕ್ಕಳು ಚೆನ್ನಾಗಿ ಕಾಣಬೇಕು ಅಂತ ನಿಜವಾಗಿ ಆಸೆಪಟ್ಟವರು. ಚೆನ್ನಾಗಿ ಕಾಣುವುದಕ್ಕೂ ಚೆನ್ನಾಗಿರುವುದಕ್ಕೂ ವ್ಯತ್ಯಾಸ ಇರಬಹುದು ಅಂತ ಅವರಿಗೆ ಹೊಳೆದಿರಲಿಲ್ಲ, ಅಷ್ಟೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಉತ್ತರದ ಯಾವುದೋ ಊರಿಂದ ಮರದ ಪೆಟ್ಟಿಗೆಯಲ್ಲಿ, ಒಣಹುಲ್ಲಿನ ನಡುವೆ, ಒಂದು ದೀಪ ಬಂತು. ಹಿತ್ತಾಳೆಯ ಸರಪಳಿಗೆ ತೂಗುವ ಗಾಜಿನ ಗುಂಡು, ಗಾಜಿಗೆ ಅಪ್ಪಟ ಜೇನಿನ ಬಣ್ಣ. ಅಪ್ಪ ಅದನ್ನು ಊಟದ ಮೇಜಿನ ಮೇಲೆ ಕಟ್ಟಿ ಸ್ವಿಚ್ ಹಾಕಿದರು. ತಟ್ಟೆ, ಲೋಟ, ಅನ್ನ, ಉಪ್ಪಿನಕಾಯಿಯ ಜಾಡಿ ಎಲ್ಲವೂ ಒಳಗಿನಿಂದಲೇ ಬೆಳಗುತ್ತಿರುವ ಹಾಗಿತ್ತು. ದೀಪಗಳ ವಿಚಾರದಲ್ಲಿ ಯಾವತ್ತೂ ಹೂಂ ಉಹೂಂ ಅನ್ನದ ಅಮ್ಮ ಅವತ್ತು ತಲೆ ಎತ್ತಿ ಬಹಳ ಹೊತ್ತು ನೋಡಿದಳು.

"ಇದೊಂದನ್ನ ಮಾರಬೇಡಿ ಕಣ್ರೀ. ಇರ್ಲಿ."

"ಟ್ಯೂಬ್‌ಲೈಟ್ ಬೇಕು ಅಂತಿದ್ದೆ?"

"ಅದೂ ಬೇಕು. ಇದೂ ಇರ್ಲಿ."

ಅಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಮ್ಮ ಒಂದು ದೀಪವನ್ನು ಮೆಚ್ಚಿದ್ದಳು. ಅವತ್ತೇ ಮಾತು ಕೊಟ್ಟರು, ಈ ದೀಪ ಕೊಕ್ಕೆ ಬಿಟ್ಟು ಇಳಿಯುವುದಿಲ್ಲ, ಯಾರಿಗಾದರೂ ಬೇಕಾದರೆ ಇಂಥದ್ದೇ ಇನ್ನೊಂದು ತರಿಸಿಕೊಡುತ್ತೇನೆ ಅಂತ. ಮೊದಲ ಸಲ ಒಂದು ದೀಪ ನಮ್ಮ ಮನೆಯಲ್ಲಿ ಉಳಿಯಿತು. ಮಧು ಅದರ ಸರಪಳಿಗೆ ಕುಂಕುಮ ಹಚ್ಚಿದ.

ಆ ಬೇಸಿಗೆಯಲ್ಲಿ ಅಮ್ಮನಿಗೆ ಸುಸ್ತು ಶುರುವಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ಬಟ್ಟೆ ಒಣಗಿಸುವ ಕೆಲಸ, ಅಕ್ಕಿ ಆರಿಸುವ ಕೆಲಸ ಎರಡೂ ನನಗೆ ಬಂದವು, ಅವಳು ತಾರಸಿಗೆ ಹೋಗುವುದು ನಿಂತೇಹೋಯಿತು. ಸೊಪ್ಪು ತರಕಾರಿಗೂ ಅಪ್ಪನೇ ಹೋಗಿಬರುತ್ತಿದ್ದರು. ಊಟ ಸೇರುತ್ತಿರಲಿಲ್ಲ, ಬಿಸಿಲು ಕಾಲ ಅಲ್ವಾ ಅಂದುಕೊಂಡೆವು. ಮೈಯೆಲ್ಲ ನವೆ ಅನ್ನುತ್ತಿದ್ದಳು, ಸೋಪಿನ ಪುಡಿ ಬದಲಾಯಿಸಿದೆವು. ಶುಕ್ರವಾರ ಮುಖಕ್ಕೆ ಅರಿಶಿನ ಹಚ್ಚಿಕೊಳ್ಳುವುದನ್ನು ಮಾತ್ರ ಅವಳು ಬಿಡಲಿಲ್ಲ. ಮನೆಯಲ್ಲಿದ್ದ ಎರಡು ಕನ್ನಡಿಗಳ ಅಕ್ಕಪಕ್ಕಕ್ಕೂ ಅಪ್ಪ ಹಳದಿ ಬಲ್ಬಿನ ಗೋಡೆ ದೀಪಗಳನ್ನೇ ಹಾಕಿಸಿದ್ದರು. ಅವಳಾದರೂ ಏನು ನೋಡಿಕೊಂಡಿರುತ್ತಾಳೆ, ಎಲ್ಲಿ ನೋಡಿಕೊಂಡಿರುತ್ತಾಳೆ. ನಮಗಂತೂ ಅವಳು ದಿನದಿನಕ್ಕೂ ಕಳೆಕಳೆಯಾಗಿ ಕಾಣುತ್ತಿದ್ದಳು. ಒಂದು ಸಂಜೆ ಬೆಲ್ ಹೊಡೆದು, ನಾಗರಬಾವಿ ಕಡೆ ಮನೆ ಕಟ್ಟಿಸುತ್ತಿದ್ದ ಗಂಡ ಹೆಂಡತಿ ಮೇಲೆ ಬಂದರು. ಆಕೆ ದೀಪವನ್ನು ಒಂದು ಕ್ಷಣ ನೋಡಿ, ಅಮ್ಮನ ಮೇಲೆ ಕಣ್ಣು ನೆಟ್ಟರು.

"ನೋಡ್ರಿ, ಆಂಟಿ ಮುಖದಲ್ಲಿ ಎಂಥ ಕಳೆ! ಒಳ್ಳೇ ಚಿನ್ನದ ಥರ. ನಮಗೂ ಇದೇ ಲೈಟ್ ಬೇಕು, ಬೇರೆ ಯಾವ್ದೂ ಬೇಡ."

ಅವರು ಕೆಳಗಿಳಿದು ಹೋದ ಮೇಲೆ ಅಪ್ಪ ಎರಡೆರಡು ಮೆಟ್ಟಿಲು ಹಾರುತ್ತ ಮತ್ತೆ ಮೇಲೆ ಬಂದರು. ನಾವು ಇನ್ನೂ ಉಣ್ಣುತ್ತಿದ್ದೆವು.

"ಕೇಳ್ದೇನೇ? ನನ್ನ ಲೈಟನ್ನ ಈಗ ನಿನ್ನ ಮುಖಾನೇ ಮಾರ್ತಾ ಇದೆ."

ಅಮ್ಮ ಹುಸಿಮುನಿಸಿನಿಂದ, ಸಾಕು ಸುಮ್ನಿರಿ ಮಕ್ಕಳ ಮುಂದೆ ಅಂದಳು. ಎಡಗೈಯಿಂದ ಬಲಗೈ ಕೆರೆದುಕೊಳ್ಳುತ್ತಿದ್ದಳು. ಅವರಿಬ್ಬರೂ ಅಷ್ಟು ಖುಷಿಯಾಗಿದ್ದದ್ದನ್ನು ನಾನು ನೋಡಿದ್ದು ಅದೇ ಕೊನೆ.

ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಅನ್ನಪೂರ್ಣೇಶ್ವರಿ ನಗರದಲ್ಲಿದ್ದರು. ಆಗ ಅಲ್ಲಿ ಅಕ್ಕಪಕ್ಕ ಖಾಲಿ ಸೈಟುಗಳು, ಅವರ ತಾರಸಿಯ ಮೇಲೆ ಬೆಳಗಿಂದ ಸಂಜೆವರೆಗೆ ಬಿಸಿಲೋ ಬಿಸಿಲು. ಪ್ರತಿ ಬೇಸಿಗೆಯಲ್ಲೂ ಎರಡು ಮನೆಗಾಗುವಷ್ಟು ಸಂಡಿಗೆ ಅಲ್ಲೇ ಆಗಬೇಕು. ಸುಸ್ತು ಅಂತ ಆ ವರ್ಷ ಅಮ್ಮ ಮುಂದೂಡುತ್ತಲೇ ಬಂದಿದ್ದಳು. ಕೊನೆಗೆ ದೊಡ್ಡಮ್ಮ ಫೋನಿನಲ್ಲಿ ಗದರಿದ ಮೇಲೆ ಒಂದು ಬೆಳಿಗ್ಗೆ, ಇನ್ನೂ ಬೆಳಕು ಹರಿಯುವ ಹೊತ್ತಿಗೇ, ನಾವು ಮೂವರೂ ಆಟೋದಲ್ಲಿ ಹೋದೆವು. ಅಮ್ಮ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಮಧು ಹೋದವನೇ ಬೀದಿಯ ಹುಡುಗರ ಜೊತೆ ಆಟಕ್ಕಿಳಿದ. ದೊಡ್ಡಮ್ಮ ಆಗಲೇ ಮೇಲೆ ಸಬ್ಬಕ್ಕಿ ಸಂಡಿಗೆ ಇಡಲು ಕೂತಿದ್ದರು. ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಅಮ್ಮ ತಾರಸಿಗೆ ಬಂದಳು, ಕೂತಳು, ದೊಡ್ಡಮ್ಮನ ಕೈಯಿಂದ ಚಮಚ ತೆಗೆದುಕೊಂಡಳು. ಅಷ್ಟರಲ್ಲಿ ಬಿಸಿಲು ಏರಿತ್ತು. ಹಾಸಿದ್ದು ಒಗೆದ ಬಿಳಿ ಪಂಚೆ, ಅದರ ಮೇಲೆ ಬೆಳ್ಳಗಿನ ಸಂಡಿಗೆ ಹಿಟ್ಟು, ಅದರ ಪಕ್ಕದಲ್ಲಿ ಅಮ್ಮನ ಕೈ. ನಾನು ಆ ಕೈಯನ್ನೇ ನೋಡುತ್ತ ನಿಂತೆ. ಅರಿಶಿನದ ನೀರಿನಲ್ಲಿ ಅದ್ದಿ ತೆಗೆದ ಹಾಗಿತ್ತು, ಉಗುರು ಸಮೇತ. ದೊಡ್ಡಮ್ಮ ತಲೆ ಎತ್ತಿದರು.

"ಶಾರದಾ, ಇಲ್ಲಿ ನೋಡೇ. ಕಣ್ಣು ಬಿಡೇ ಸರಿಯಾಗಿ."

"ಬಿಸಿಲು ಚುಚ್ಚುತ್ತೆ ಅಕ್ಕ."

"ಬಿಡು ಅಂದ್ನಲ್ಲ... ಅಯ್ಯೋ! ಏನೇ ಇದು, ಬಿಳಿಗುಡ್ಡೆಯೆಲ್ಲ ಹಳದಿ ಆಗಿದೆಯಲ್ಲೇ! ಜಾಂಡೀಸ್ ಕಣೇ ಇದು. ಎಷ್ಟು ದಿನದಿಂದ ಹಿಂಗಿದೆ? ನಿಮ್ಮನೇಲಿ ಯಾರೂ ನೋಡ್ಲಿಲ್ವಾ?"

ಅಮ್ಮ ತನ್ನ ಕೈಯನ್ನು ಪಂಚೆಯ ಮೇಲೆ ಅಂಗಾತ ಇಟ್ಟು ನೋಡಿಕೊಂಡಳು. ಆಮೇಲೆ ಮಗುಚಿ ನೋಡಿಕೊಂಡಳು. ನನ್ನನ್ನು ನೋಡಿದಳು. ದೊಡ್ಡಮ್ಮ ಅಂಗಡಿಗೆ ಫೋನ್ ಮಾಡಿದರು, ಅಪ್ಪ ಸ್ಕೂಟರಿನಲ್ಲಿ ಓಡೋಡಿ ಬಂದರು. ತಾರಸಿಯ ಬಾಗಿಲಲ್ಲಿ ನಿಂತು ಬಿಸಿಲಿಗೆ ಕೈ ಅಡ್ಡ ಹಿಡಿದು ಅಮ್ಮನನ್ನು ನೋಡಿದರು. ಅವರ ಮುಖದಲ್ಲಿ ಮೊದಲು ಗೊಂದಲ ಕಂಡಿತು, ಆಮೇಲೆ ಮುಖ ಬಿಳಿಚಿಕೊಂಡಿತು.

"ಬೆಳಗ್ಗೆ ಚೆನ್ನಾಗೇ ಇದ್ಳಲ್ಲ" ಅಂದರು.

ಆ ಮಾತನ್ನು ಅವರು ಆಸ್ಪತ್ರೆಯಲ್ಲೂ ಹೇಳಿದರಂತೆ, ಹೋದ ಕಡೆಯೆಲ್ಲ, ಕೇಳಿದವರಿಗೂ ಕೇಳದವರಿಗೂ. ಸ್ಕ್ಯಾನಿಂಗ್ ಆಯಿತು. ಪಿತ್ತದ ನಾಳದ ಹತ್ತಿರ ಗಡ್ಡೆ, ಅದು ಲಿವರಿಗೂ ಹಬ್ಬಿತ್ತು. ಆಪರೇಷನ್ ಮಾಡುವ ಹಂತ ದಾಟಿದೆ ಅಂದರು ಡಾಕ್ಟರು. ಪಿತ್ತ ಇಳಿಯಲು ಒಂದು ಸಣ್ಣ ಕೊಳವೆ ಹಾಕಿ, ಮಾತ್ರೆ ಬರೆದು, ಮನೆಗೆ ಕರ್ಕೊಂಡು ಹೋಗಿ ಅಂದರು. ಅಷ್ಟು ದಿನವೂ ಮಧುವನ್ನು ದೊಡ್ಡಮ್ಮ ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು, ಆಸ್ಪತ್ರೆಗೆ ಕರೆತರಲಿಲ್ಲ. ನಾನು ಹೋಗಿದ್ದ ದಿನ ಅಪ್ಪ ಡಾಕ್ಟರನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿ ಕೇಳಿದ್ದು ನನ್ನ ಕಿವಿಗೆ ಬಿತ್ತು.

"ಡಾಕ್ಟ್ರೇ, ಒಂದು ತಿಂಗಳು ಮುಂಚೆ ಕರ್ಕೊಂಡು ಬಂದಿದ್ರೆ?"

"ಹೇಳಕ್ಕಾಗಲ್ಲ ಸಾರ್."

"ಉಳೀತಿದ್ಳಾ?"

"ಹೇಳಕ್ಕಾಗಲ್ಲ ಸಾರ್. ಇದು ಬೇಗ ಗೊತ್ತಾಗೋ ಕಾಯಿಲೆ ಅಲ್ಲ. ಕಣ್ಣು ಹಳದಿ ಆದ ತಕ್ಷಣ ಬಂದವ್ರಲ್ಲಿ ಕೆಲವ್ರಿಗೆ ಆಪರೇಷನ್ ಮಾಡಿದೀವಿ."

ಉಳಿಯುತ್ತಿರಲಿಲ್ಲ ಅಂತ ಅವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರೆ ಅಪ್ಪ ಅತ್ತು ಹಗುರಾಗುತ್ತಿದ್ದರೋ ಏನೋ. ಉಳಿಯುತ್ತಿದ್ದಳು ಅಂದಿದ್ದರೆ ತಲೆ ಚಚ್ಚಿಕೊಂಡು ಒಂದು ದಡ ಸೇರುತ್ತಿದ್ದರು. ಎರಡೂ ಇಲ್ಲದೆ ಅವರು ಇವತ್ತಿಗೂ ಆ ಕಾರಿಡಾರಿನಲ್ಲೇ ನಿಂತಿದ್ದಾರೆ. ಈಗ ಅಂಗಡಿ ನಾನು ನೋಡಿಕೊಳ್ಳುತ್ತೇನೆ. ಹೊಸ ಮನೆ ಕಟ್ಟಿಸುವ ಗಂಡ ಹೆಂಡತಿ ಬಂದು, ಮೊಬೈಲಿನಲ್ಲಿ ಯಾವುದೋ ಮನೆಯ ಚಿತ್ರ ತೋರಿಸಿ, ಮೇಡಂ ಎಲ್ಲಾ ವಾರ್ಮೇ, ಹಳದೀನೇ ಇರ್ಲಿ, ಬಿಳಿ ಎಲ್ಲೂ ಬೇಡ ಅನ್ನುತ್ತಾರೆ. ಅಡುಗೆ ಮಾಡುವ ಕಡೆ ಒಂದು ಬಿಳಿ ಲೈಟು ಇರಲಿ ಅಂತ ನಾನು ಪಟ್ಟು ಹಿಡಿಯುತ್ತೇನೆ. ಚೆನ್ನಾಗಿ ಕಾಣಲ್ಲ ಮೇಡಂ ಅನ್ನುತ್ತಾರೆ. ನಾನು ರೇಗುತ್ತೇನೆ. ಕೆಲವರು ಎದ್ದು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ. ಅಪ್ಪ ಮೂಲೆಯ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಾರೆ, ನಡುವೆ ಬಾಯಿ ಹಾಕುವುದಿಲ್ಲ.

ಆ ಬೇಸಿಗೆಯಲ್ಲಿ ಅಮ್ಮ ಆಸ್ಪತ್ರೆಯಿಂದ ಬಂದ ದಿನ ಅಪ್ಪ ಪಕ್ಕದ ಬೀದಿಯ ಎಲೆಕ್ಟ್ರಿಕಲ್ ಅಂಗಡಿಗೆ ನಡೆದುಹೋಗಿ ಒಂದು ಟ್ಯೂಬ್‌ಲೈಟ್ ತಂದರು. ಊರಿಗೆಲ್ಲ ದೀಪ ಮಾರುವವರು ಬೇರೆಯವರ ಅಂಗಡಿಯಿಂದ ದೀಪ ಕೊಂಡರು, ನಮ್ಮಂಗಡಿಯಲ್ಲಿ ಅಂಥದ್ದನ್ನು ಇಡುತ್ತಲೇ ಇರಲಿಲ್ಲ. ಸ್ಟೂಲು ಹತ್ತಿ ಒಲೆಯ ಮೇಲಿನ ಗೋಡೆಗೆ ತಾವೇ ಪಟ್ಟಿ ಹೊಡೆದರು. ಅಮ್ಮ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತು, ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ ಮೇಲೆ ಅಂತ ಹೇಳುತ್ತಿದ್ದಳು. ದೊಡ್ಡಮ್ಮ ಮಧುವನ್ನು ಅವತ್ತೇ ತಂದು ಬಿಟ್ಟುಹೋಗಿದ್ದರು. ಅಪ್ಪ ಸ್ವಿಚ್ ಹಾಕಿದರು. ಅದು ಪಟಪಟ ಕಣ್ಣು ಹೊಡೆದು ಹೊತ್ತಿಕೊಂಡಿತು. ಅಡುಗೆ ಕಟ್ಟೆಯ ಎಣ್ಣೆಯ ಕಲೆ, ಮೂಲೆಯ ಬಲೆ, ಡಬ್ಬಗಳ ಮೇಲಿನ ಧೂಳು ಎಲ್ಲ ಒಮ್ಮೆಲೇ ಕಂಡವು. ಅಮ್ಮ ಎದ್ದು ಕಟ್ಟೆ ಹಿಡಿದು ನಿಂತು, ಅಬ್ಬ ಎಷ್ಟು ಚೆನ್ನಾಗಿ ಕಾಣ್ಸುತ್ತೆ ನೋಡಿ ಅನ್ನುತ್ತ ನಮ್ಮ ಕಡೆ ತಿರುಗಿದಳು. ಮಧು ಅವಳನ್ನು ನೋಡಿ ಒಂದು ಹೆಜ್ಜೆ ಹಿಂದಕ್ಕೆ ಸರಿದು ನನ್ನ ಹಿಂದೆ ನಿಂತುಕೊಂಡ.

"ಅಕ್ಕ, ಅಮ್ಮ ಯಾಕೆ ಹಿಂಗಿದಾಳೆ?"

ಅಮ್ಮ ಕೈ ಚಾಚಿ ಸ್ವಿಚ್ ಆರಿಸಿದಳು. ಮೇಜಿನ ಮೇಲಿನ ಜೇನು ಬಣ್ಣದ ದೀಪ ಹಾಕಿ, ಅದರ ಕೆಳಗೆ ಬಂದು ಕೂತು, ಬಾರೋ ಮಧು ಅಂದಳು. ಅವನು ನೋಡಿದ. ಅವನಿಗೆ ಗೊತ್ತಿದ್ದ ಅಮ್ಮ ಅಲ್ಲಿದ್ದಳು. ಓಡಿಹೋಗಿ ಅವಳ ಮಡಿಲಲ್ಲಿ ತಲೆಯಿಟ್ಟ. ಅಪ್ಪ ಇಕ್ಕಳ ಹಿಡಿದುಕೊಂಡು ಸ್ಟೂಲಿನ ಪಕ್ಕ ನಿಂತೇ ಇದ್ದರು.

"ಇರ್ಲಿ ಬಿಡಿ. ನಾನೊಬ್ಳೇ ಇದ್ದಾಗ ಹಾಕ್ಕೋತೀನಿ" ಅಂದಳು ಅಮ್ಮ.

ಅಲ್ಲಿಂದ ಮುಂದೆ ಅಪ್ಪ ಗಿರಾಕಿಗಳನ್ನು ಮೇಲೆ ಕರೆತರಲಿಲ್ಲ. ಬೆಲ್ ಮಾತ್ರ ಹೊಡೆಯುತ್ತಿತ್ತು. ಮೊದಮೊದಲು ನನಗೆ ಅರ್ಥವಾಗಲಿಲ್ಲ. ಮಧ್ಯಾಹ್ನ ಊಟಕ್ಕೆ ಬರುವಾಗ, ಸಂಜೆ ಮಾತ್ರೆ ಕೊಡಲು ಬರುವಾಗ, ಅಪ್ಪ ಕೆಳಗಿನ ಸ್ವಿಚ್ ಒತ್ತಿ, ನಿಧಾನವಾಗಿ ಹತ್ತಿ ಬರುತ್ತಿದ್ದರು. ಬಂದಾಗ ಅಮ್ಮ ಜೇನು ದೀಪದ ಕೆಳಗೆ ಸೆರಗು ಹೊದ್ದು ಕೂತಿರುತ್ತಿದ್ದಳು. ಹೇಗಿದೀಯ ಅಂದರೆ ಪರವಾಗಿಲ್ಲ ಅನ್ನುತ್ತಿದ್ದಳು. ಬೇಸಿಗೆ ರಜೆ ಮುಗಿದ ಮೇಲೆ ಒಂದು ದಿನ ಸ್ಕೂಲು ಬೇಗ ಬಿಟ್ಟು ನಾನು ಹಿಂದಿನ ಮೆಟ್ಟಿಲಿಂದ ಬಂದೆ. ಪರದೆ ಎಳೆದ ಮನೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅಮ್ಮ ಅದರ ಕೆಳಗೆ ಗೋಡೆಗೊರಗಿ ನೆಲದ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳು ಎಷ್ಟು ಇಳಿದುಹೋಗಿದ್ದಳು ಅಂದರೆ ಬಳೆಗಳು ಮೊಣಕೈವರೆಗೆ ಜಾರಿದ್ದವು. ಮುಖದ ಹಳದಿ ಹಸಿರಿಗೆ ತಿರುಗಿತ್ತು. ದಿನವೂ ರಾತ್ರಿ ನನ್ನೆದುರು ಕೂತು ನಗುತ್ತ ಉಣಿಸುತ್ತಿದ್ದವಳು ಇವಳೇನಾ ಅನ್ನಿಸಿ ನನ್ನ ಕೈಯಿಂದ ಬ್ಯಾಗು ಜಾರಿತು. ಅಮ್ಮ ಬೆಚ್ಚಿ ತಲೆ ಎತ್ತಿದಳು. ಸ್ವಿಚ್ಚಿನ ಕಡೆ ಕೈ ಚಾಚಿ, ಎಟುಕದೆ, ಬಿಟ್ಟಳು.

"ಬೆಲ್ ಹೊಡೆದು ಬರೋದಲ್ವೇನೆ" ಅಂದಳು, ನಗುತ್ತ.

ನಾನು ಅಳತೊಡಗಿದೆ. ಅವಳು ಮೊರ ಪಕ್ಕಕ್ಕಿಟ್ಟು ನನ್ನನ್ನು ಎಳೆದು ಕೂರಿಸಿಕೊಂಡಳು.

"ಮಧುಗೆ ಹೇಳ್ಬೇಡ. ಅಪ್ಪಂಗೂ ಹೇಳ್ಬೇಡ."

"ಅಪ್ಪಂಗೆ ಗೊತ್ತಮ್ಮ. ಅದಕ್ಕೇ ಅವ್ರು ಬೆಲ್ ಮಾಡೋದು."

"ಗೊತ್ತಿರ್ಲಿ. ನೋಡೋದು ಬೇಡ. ಅವ್ರಿಗೆ ತಡ್ಕೊಳ್ಳೋಕಾಗಲ್ಲ ಕಣೇ."

ಆಮೇಲೆ ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡು, ನೋಡು ಇಲ್ಲಿ, ಒಂದೇ ಒಂದು ಕಲ್ಲು ಬಿಟ್ಟಿಲ್ಲ ಅಂತ ತೋರಿಸಿದಳು. ನಾನು ನೋಡಿದೆ. ನಿಜವಾಗಿಯೂ ಇರಲಿಲ್ಲ.

ಮಳೆಗಾಲ ಬಲಿಯುವ ಹೊತ್ತಿಗೆ ಅಮ್ಮ ಹೋದಳು. ಆಸ್ಪತ್ರೆಯಲ್ಲಿ, ಬಿಳಿ ಬೆಳಕಿನ ಕೆಳಗೆ, ಅಪ್ಪನ ಕೈ ಹಿಡಿದುಕೊಂಡು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ. ಕಾರ್ಯಗಳೆಲ್ಲ ಮುಗಿದು, ನೆಂಟರು ಹೊರಟು, ದೊಡ್ಡಮ್ಮನೂ ತಮ್ಮ ಮನೆಗೆ ಹೋದ ಮೇಲೆ ಅಪ್ಪ ಅಂಗಡಿಯ ಬಾಗಿಲು ತೆರೆದರು. ಆ ಸಂಜೆ ನಾನು ಟ್ಯೂಬ್‌ಲೈಟಿನ ಕೆಳಗೆ ಅನ್ನಕ್ಕಿಟ್ಟು ಸಾರು ಮಾಡಿದೆ. ಉಪ್ಪು ಹೆಚ್ಚಾಯಿತು. ಮಧು ನೆಲದ ಮೇಲೆ ಬ್ಯಾಟನ್ನು ಸುಮ್ಮನೆ ಉರುಳಿಸುತ್ತಿದ್ದ. ಇಬ್ಬರಿಗೂ ತಟ್ಟೆಗಿಡುವಾಗ ಬೆಲ್ ಹೊಡೆಯಿತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ನಾನು ಎದ್ದು ಟ್ಯೂಬ್‌ಲೈಟ್ ಆರಿಸಿ ಜೇನು ದೀಪ ಹಾಕಿದೆ. ಮೇಜಿನ ಮೇಲೆ ಹೂವಿನ ಅಂಚಿನ ಬಟ್ಟೆ ಹಾಸಿ, ದುಪಟ್ಟಾದಿಂದ ಮುಖ ಒರೆಸಿಕೊಂಡೆ. ಮಧು ಬ್ಯಾಟನ್ನು ಸೋಫಾದ ಕೆಳಗೆ ತಳ್ಳಿ ಬಂದು ಕೂತ. ಮೆಟ್ಟಿಲ ಮೇಲೆ ಒಬ್ಬರದೇ ಹೆಜ್ಜೆಯ ಸದ್ದು. ಬಾಗಿಲಲ್ಲಿ ಅಪ್ಪ ಒಬ್ಬರೇ ಇದ್ದರು. ಗಿರಾಕಿಗಳನ್ನು ನಿಲ್ಲಿಸುತ್ತಿದ್ದ ಕಾಲೊರಸಿನ ಮೇಲೆ ನಿಂತು ದೀಪ ನೋಡಿದರು, ಮೇಜು ನೋಡಿದರು, ನಮ್ಮಿಬ್ಬರನ್ನು ನೋಡಿದರು, ಅಮ್ಮನ ಕುರ್ಚಿ ನೋಡಿದರು. ನಾನು ಏಳಲು ಹೋದೆ.

"ನೀವು ಊಟ ಮಾಡ್ತಾ ಇರಿ, ಏಳ್ಬೇಡಿ" ಅಂದರು ಅಪ್ಪ.

ನಾವು ಊಟ ಮಾಡಿದೆವು. ಅವರು ಅಲ್ಲೇ ನಿಂತು ನೋಡುತ್ತಿದ್ದರು, ಒಳಗೆ ಬರಲಿಲ್ಲ.